ರೋಗಿಯದೇ ಮಾತಿನಲ್ಲಿ

ನಮ್ಮತ್ತೆಯ ಬಾಯಲ್ಲಿ "ಏನಿಲ್ಲ" ಅನ್ನುವ ಮಾತಿಗೆ ಹದಿನಾರು ಅರ್ಥಗಳಿವೆ. ಮದುವೆಯಾಗಿ ಬಂದು ಹನ್ನೊಂದು ವರ್ಷವಾಯಿತು, ನಾನು ಇನ್ನೂ ಒಂಬತ್ತನೆಯದರಲ್ಲಿದ್ದೇನೆ. ಹಸಿವಾಗಿದೆ ಅನ್ನುವುದಕ್ಕೂ ಏನಿಲ್ಲ, ನಿನ್ನ ಮೇಲೆ ಸಿಟ್ಟು ಬಂದಿದೆ ಅನ್ನುವುದಕ್ಕೂ ಏನಿಲ್ಲ, ಮೆಟ್ಟಿಲಿನ ಮೇಲೆ ಜಾರಿ ಬಿದ್ದು ಮಂಡಿ ಊದಿಕೊಂಡಿದೆ ಅನ್ನುವುದಕ್ಕೂ ಏನಿಲ್ಲವೇ. ದನಿ ಎಷ್ಟು ಕೆಳಗಿಳಿಯಿತು, ತಲೆ ಯಾವ ಕಡೆ ತಿರುಗಿತು, ಹಿಂದೆಯೇ "ಬಿಡು" ಬಂತೋ ಇಲ್ಲವೋ, ಎಲ್ಲವನ್ನೂ ಕೂಡಿಸಿ ಕಳೆದು ನಾವೇ ಅರ್ಥ ಮಾಡಿಕೊಳ್ಳಬೇಕು. ಮನೆಯೊಳಗೆ ಇದು ಹೇಗೋ ನಡೆದುಕೊಂಡು ಹೋಗುತ್ತಿತ್ತು. ಆ ಮಾತು ಸರ್ಕಾರದ ಫಾರಂ ಒಳಗೆ ಹೊಕ್ಕ ಮೇಲೆ ನಮ್ಮ ಗ್ರಹಚಾರ ಕೆಟ್ಟಿತು.

ನಾನು ಕಾರು ಓಡಿಸುವುದನ್ನು ಕಲಿಸುವವಳು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ನನ್ನ ಕಾಲ ಕೆಳಗಿರುವ ಎರಡನೇ ಬ್ರೇಕನ್ನು ನಂಬಿಕೊಂಡು ಜೀವ ಹಿಡಿದುಕೊಳ್ಳುವ ಕೆಲಸ. ಅಭ್ಯಾಸ ಎಷ್ಟು ಬೇರೂರಿದೆ ಅಂದರೆ ಮನೆಯಲ್ಲಿ ಹಾಲು ಉಕ್ಕಿದರೂ ನನ್ನ ಬಲಗಾಲು ನೆಲ ಒತ್ತುತ್ತದೆ. ಬಾಯಿಯೂ ಹಾಗೇ. ದಿನಕ್ಕೆ ಎಂಟು ಗಂಟೆ "ಕನ್ನಡಿ ನೋಡಿ, ಕ್ಲಚ್ ಬಿಡಬೇಡಿ, ಆ ಸೈಕಲ್ಲಿನವನು ನಿಮಗೇನು ಅನ್ಯಾಯ ಮಾಡಿದ್ದ" ಎಂದು ಕೂಗಿದವಳು ಮನೆಗೆ ಬಂದು ಪಿಸುಗುಡು ಅಂದರೆ ಆಗುತ್ತದೆಯೇ? ನಮ್ಮ ಯಜಮಾನರು ಬಸ್ ಡ್ರೈವರು. ಮಧ್ಯಾಹ್ನ ಹೋದವರು ರಾತ್ರಿ ಹತ್ತಕ್ಕೆ ಬರುತ್ತಾರೆ, ಬಂದ ಮೇಲೆ ಬಾಯಿ ತೆರೆಯುವುದು ಊಟಕ್ಕೆ ಮತ್ತು ಆಕಳಿಕೆಗೆ. ಹೀಗಾಗಿ ಸಂಜೆ ಹೊತ್ತು ಮನೆಯಲ್ಲಿ ಇರುವುದು ಅತ್ತೆ, ನಾನು ಮತ್ತು ನನ್ನ ಬಾಯಿ.

ಅತ್ತೆ ಮೂವತ್ತೊಂದು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿದವರು. ಒಂದು ದಿನವೂ ಕಾಯಿಲೆ ರಜೆ ಹಾಕಿದವರಲ್ಲ. ಕಾರ್ಖಾನೆಯವರು ಕೊನೆಯ ದಿನ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು, ಹತ್ತಿಯ ಧೂಳನ್ನು ಹೇಳದೆ ಕೇಳದೆ ಎದೆಯೊಳಗೆ ಇಟ್ಟು ಕಳಿಸಿದರು. ಗಡಿಯಾರ ಎರಡೇ ವರ್ಷಕ್ಕೆ ನಿಂತುಹೋಯಿತು. ಉಬ್ಬಸ ಮಾತ್ರ ಚೆನ್ನಾಗಿ ನಡೆಯುತ್ತಿದೆ.

ನಮ್ಮಲ್ಲಿ ವೈದ್ಯರಿಗೆ ದುಡ್ಡು ಕೊಡುವಂತಿಲ್ಲ. ಆರೋಗ್ಯದ ಕಾರ್ಡು ಕೈಯಲ್ಲಿದ್ದರೆ ಸಾಕು, ಪರೀಕ್ಷೆ, ಔಷಧಿ, ಇಂಜೆಕ್ಷನ್, ಬುದ್ಧಿವಾದ ಎಲ್ಲವೂ ಬಿಟ್ಟಿ. ಆದರೆ ಇದು ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗಿನ ಮಾತು. ಆರು ಹೊಡೆದ ಮೇಲೆ ವೈದ್ಯರನ್ನು ಮನೆಗೆ ಕರೆಸಿದರೆ ಶುಲ್ಕ ಕಟ್ಟಬೇಕು, ಅದೂ ನನ್ನ ನಾಲ್ಕು ದಿನದ ಸಂಬಳದಷ್ಟು. ಕಾಯಿಲೆ ನಿಜವಾಗಿಯೂ ತುರ್ತು ಎಂದು ಶುಲ್ಕದ ಕಚೇರಿಗೆ ಅನ್ನಿಸಿದರೆ ಆ ದುಡ್ಡು ವಾಪಸ್ ಬರುತ್ತದೆ. ನ್ಯಾಯವಾಗಿಯೇ ಇದೆ, ಇಲ್ಲ ಅನ್ನುವುದಿಲ್ಲ. ಮೊಡವೆ ತೋರಿಸಲು ರಾತ್ರಿ ಒಂಬತ್ತಕ್ಕೆ ವೈದ್ಯರನ್ನು ಕರೆಸುವವರೂ ಊರಿನಲ್ಲಿದ್ದಾರೆ. ಆದರೆ ಉಬ್ಬಸಕ್ಕೆ ಗಂಟೆ ನೋಡಲು ಬರುವುದಿಲ್ಲವಲ್ಲ, ಅದು ಅತ್ತೆಯ ಎದೆಗೆ ಬಂದದ್ದು ಆರೂಕಾಲಿಗೆ.

ನಾನು ಕೆಲಸ ಮುಗಿಸಿ ಬಂದಾಗ ಕಿಟಕಿ ಪಕ್ಕದ ಕುರ್ಚಿಯಲ್ಲಿ ಹೊದಿಕೆ ಹೊದ್ದು ಕೂತಿದ್ದರು. ಉಸಿರಿನ ಸದ್ದು ಬಾಗಿಲಿಗೇ ಕೇಳುತ್ತಿತ್ತು. "ಏನಾಯ್ತು ಅತ್ತೆ?" ಅಂದೆ. ತಲೆಯನ್ನೂ ತಿರುಗಿಸದೆ "ಏನಿಲ್ಲ" ಅಂದರು. ಅದು ನಾನು ಅದುವರೆಗೆ ಕೇಳದಿದ್ದ ಏನಿಲ್ಲ. ಫೋನ್ ಹಚ್ಚಿದೆ.

ಬಂದ ವೈದ್ಯರು ಹೊಸಬರು, ಶರಟಿನ ಇಸ್ತ್ರಿಯ ಗೆರೆ ಇನ್ನೂ ಮುರಿದಿರಲಿಲ್ಲ. ಪುಣ್ಯಾತ್ಮ, ಕೆಲಸದಲ್ಲಿ ಚುರುಕು. ಬಂದವರೇ ಪೆಟ್ಟಿಗೆ ಬಿಚ್ಚಿ ಔಷಧಿಯ ಹಬೆ ಕೊಡುವ ಯಂತ್ರ ಜೋಡಿಸತೊಡಗಿದರು, ಜೋಡಿಸುತ್ತಲೇ ತೊಡೆಯ ಮೇಲೆ ಒಂದು ಫಾರಂ ಇಟ್ಟುಕೊಂಡು ಕೇಳಿದರು, "ಏನಾಗ್ತಿದೆ ಅಮ್ಮ, ಹೇಳಿ."

ಮನೆಗೆ ಹೊರಗಿನವರು ಬಂದಿದ್ದಾರೆ. ಅತ್ತೆ ಕುರ್ಚಿಯಲ್ಲೇ ನೆಟ್ಟಗಾದರು.

"ಏ... ನಿಲ್ಲ. ಸುಮ್... ನೆ. ನಮ್ಮ ಸೊಸೆ... ಗಾಬರಿ. ನೀವು... ಚಾ... ಕುಡೀ..."

ಅಷ್ಟರಲ್ಲಿ ವೈದ್ಯರು ಮೂಗು ಬಾಯಿಗೆ ಮಾಸ್ಕ್ ಹಾಕಿದರು. ಹಾಕಿ, ಫಾರಂ ತೆಗೆದುಕೊಂಡು, ಏಳನೇ ಕಾಲಮ್ಮಿನಲ್ಲಿ ದುಂಡಗೆ ಬರೆದರು. ಆ ಕಾಲಮ್ಮಿನ ಹೆಸರು "ತೊಂದರೆ ಏನು? ರೋಗಿಯದೇ ಮಾತಿನಲ್ಲಿ ಬರೆಯತಕ್ಕದ್ದು." ರೋಗಿಯದೇ ಮಾತು ಅಂದ ಮೇಲೆ ಒಂದಕ್ಷರ ಹೆಚ್ಚು ಕಡಿಮೆ ಮಾಡಬಾರದು ಎಂದು ಅವರಿಗೆ ಯಾರೋ ಹೇಳಿಕೊಟ್ಟಿದ್ದರು. ಮಾಸ್ಕಿನೊಳಗೆ ಸಿಕ್ಕಿಕೊಂಡ "ತೀರಾ" ಒಂದನ್ನು ಮಾತ್ರ ಧಾರಾಳವಾಗಿ ತಾವೇ ಸೇರಿಸಿದರು. ನಡುವಿನ ಉಸಿರುಗಳನ್ನು ಬರೆಯಲು ಫಾರಮ್ಮಿನಲ್ಲಿ ಜಾಗವಿರಲಿಲ್ಲ.

ಹೋಗುವಾಗ ನನ್ನನ್ನು ಬಾಗಿಲ ಹತ್ತಿರ ಕರೆದು ಹೇಳಿದರು. "ಇನ್ನು ಅರ್ಧ ಗಂಟೆ ತಡ ಆಗಿದ್ದಿದ್ರೆ ನನ್ನ ಕೈಲಿ ಏನೂ ಆಗ್ತಿರಲಿಲ್ಲ. ಈ ಉಬ್ಬಸ ಮತ್ತೆ ಬರುತ್ತೆ. ಬಂದಾಗ ಬೆಳಗಾಗಲಿ ಅಂತ ಕಾಯೋಕೆ ಹೋಗ್ಬೇಡಿ." ನಾನು ತಲೆಯಾಡಿಸಿ, ಶುಲ್ಕ ಎಣಿಸಿಕೊಟ್ಟು, ರಸೀದಿ ಇಸಿದುಕೊಂಡೆ.

ಮೂರು ವಾರಕ್ಕೆ ಶುಲ್ಕದ ಕಚೇರಿಯಿಂದ ಪತ್ರ ಬಂತು. "ಏಳನೇ ಕಾಲಮ್ಮಿನ ಪ್ರಕಾರ ರೋಗಿಗೆ ಏನೂ ಇರಲಿಲ್ಲ. ವೈದ್ಯರನ್ನು ಸುಮ್ಮನೆ ಕರೆಸಲಾಗಿದೆ. ರೋಗಿಯು ಬಂದವರಿಗೆ ಚಹಾ ವಿಚಾರಿಸುವ ಸ್ಥಿತಿಯಲ್ಲಿದ್ದರು. ಆದ್ದರಿಂದ ಶುಲ್ಕ ವಾಪಸಾತಿಗೆ ಅವಕಾಶವಿಲ್ಲ."

ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಮರುದಿನ ಊಟದ ಬಿಡುವಿನಲ್ಲಿ ಕಚೇರಿಗೆ ಹೋದೆ. ಕಿಟಕಿಯ ಆಚೆ ಕೂತಿದ್ದ ಗುಮಾಸ್ತರು ಬಹಳ ಸಭ್ಯರು. ಸಿಟ್ಟು ಬಂದಾಗ ಸಭ್ಯರು ಎದುರಾದರೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ.

"ವೈದ್ಯರು ಕೊಟ್ಟ ಔಷಧಿ, ನೋಡಿದ ನಾಡಿ, ಎಲ್ಲ ಎರಡನೇ ಹಾಳೆಯಲ್ಲಿ ಬರೆದಿದ್ದಾರಲ್ಲ ಸ್ವಾಮಿ. ಅದನ್ನ ನೋಡಿ" ಅಂದೆ.

"ಅದು ಚಿಕಿತ್ಸೆಯ ಹಾಳೆ ಮೇಡಂ, ಗೌಪ್ಯ. ನಮಗೆ ಬರೋದು ಮೊದಲನೇ ಹಾಳೆ ಮಾತ್ರ."

"ನನ್ನ ಹತ್ರ ಅದರ ನಕಲಿದೆ. ನಾನೇ ತೋರಿಸ್ತೀನಿ."

"ಧಾರಾಳವಾಗಿ ತೋರಿಸಿ. ನಾವು ನೋಡೋ ಹಾಗಿಲ್ಲ."

ನಾನು ತೋರಿಸಿದೆ. ಅವರು ಪಾಪ ಕಣ್ಣು ಮುಚ್ಚಿಕೊಂಡರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರೆ, ಇಲ್ಲಿ ಪೂಜಾರಿ ಕೊಡಲು ಸಿದ್ಧ, ನೋಡಲು ಸಿದ್ಧನಿಲ್ಲ. ಕೊನೆಗೆ ಅವರೇ ಒಂದು ದಾರಿ ಹೇಳಿದರು. ಮೇಲ್ಮನವಿ ಹಾಕಬಹುದು. ಅಧಿಕಾರಿಯ ಮುಂದೆ ರೋಗಿಯೇ ಬಂದು, ತನ್ನದೇ ಬಾಯಲ್ಲಿ, ಅವತ್ತು ಏನಾಗಿತ್ತು ಎಂದು ಹೇಳಬೇಕು.

ಅಂದರೆ ಇಡೀ ಜಗತ್ತಿನಲ್ಲಿ ಯಾರಿಂದ ಆ ಕೆಲಸ ಆಗುವುದಿಲ್ಲವೋ ಅವರೇ ಬರಬೇಕು.

ದುಡ್ಡು ಹೋದರೆ ಹೋಗಲಿ, ಇನ್ನು ನಾಲ್ಕು ದಿನ ಕ್ಲಚ್ ಕೂಗಿದರಾಯಿತು ಎಂದು ನಾನು ಬಿಟ್ಟೇಬಿಡುತ್ತಿದ್ದೆ. ಬಿಡಲು ಅತ್ತೆ ಬಿಡಲಿಲ್ಲ. ಆ ಪತ್ರವನ್ನು ಎರಡು ಸಲ ಓದಿ, ಮಡಿಸಿ, ಮೇಜಿನ ಮೇಲಿಟ್ಟು ಹೇಳಿದರು. "ಈ ದುಡ್ಡು ವಾಪಸ್ ಬರೋವರೆಗೂ ಆರು ಗಂಟೆ ಮೇಲೆ ಈ ಮನೆಗೆ ಡಾಕ್ಟ್ರು ಕಾಲಿಡಬಾರದು. ಬಂದ್ರೆ ನಾನು ಬಾಯೇ ಬಿಡಲ್ಲ."

ನನ್ನ ಬಾಯಿಗೆ ಹೆದರದವರು ಬೀದಿಯಲ್ಲಿ ಇಲ್ಲ, ಮನೆಯಲ್ಲಿ ಒಬ್ಬರಿದ್ದಾರೆ. ನಿಯಮವೂ ಅವರ ಕಡೆಗೇ ಇತ್ತು. ರೋಗಿ ಬೇಡ ಅಂದರೆ ವೈದ್ಯರು ಮುಟ್ಟುವಂತಿಲ್ಲ, ಶುಲ್ಕ ಮಾತ್ರ ಮುಟ್ಟಿಸಲೇಬೇಕು.

ಅವರು ಹೇಳಿದ್ದನ್ನು ಮಾಡುವವರು ಎಂದು ಹತ್ತು ದಿನದಲ್ಲೇ ಗೊತ್ತಾಯಿತು. ಒಂದು ಸಂಜೆ ಏಳರ ಹೊತ್ತಿಗೆ ಬಚ್ಚಲುಮನೆಯಲ್ಲಿ ನಲ್ಲಿ ಸುರಿಯುತ್ತಲೇ ಇತ್ತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಹೊಲಿಗೆಯ ಎಳೆದಾರವನ್ನೂ ಸುತ್ತಿಡುವ ನಮ್ಮತ್ತೆ ನೀರು ಸುರಿಯಲು ಬಿಡುವವರೇ ಅಲ್ಲ. ನಾನು ಬಾಗಿಲು ತಟ್ಟಿದೆ. ನೀರಿನ ಸದ್ದಿನ ಹಿಂದಿನಿಂದ "ಏನಿಲ್ಲ" ಬಂತು. ಅರ್ಧ ಗಂಟೆಯ ಮೇಲೆ ಹೊರಗೆ ಬಂದರು. ತುಟಿ ಕಪ್ಪಿಟ್ಟಿತ್ತು, ಮುಖ ಒಣಗಿಯೇ ಇತ್ತು. "ಮುಖ ತೊಳೀತಿದ್ದೆ" ಅಂದರು. ನಾನು ಫೋನಿಗೆ ಕೈ ಹಾಕಿದರೆ ಸುಮ್ಮನೆ ನನ್ನನ್ನೇ ನೋಡಿದರು. ರಾತ್ರಿಯೆಲ್ಲ ಕುರ್ಚಿಯಲ್ಲಿ ನೆಟ್ಟಗೆ ಕೂತು ಕಳೆದರು, ಪಕ್ಕದಲ್ಲಿ ನಾನೂ ಕೂತಿದ್ದೆ, ಹತ್ತಕ್ಕೆ ಬಂದ ಯಜಮಾನರೂ ಕೂತರು. ಬೆಳಗ್ಗೆ ಎಂಟು ಹೊಡೆದದ್ದೇ ಅತ್ತೆ ಚಪ್ಪಲಿ ಮೆಟ್ಟಿಕೊಂಡು "ಈಗ ನಡಿ, ಈಗ ಬಿಟ್ಟಿ" ಅಂದರು. ಯಜಮಾನರಿಗೆ ನಗು ಬಂತು. ನನಗೆ ಬರಲಿಲ್ಲ. ಆ ವೈದ್ಯರು ಹೇಳಿದ ಅರ್ಧ ಗಂಟೆ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಆ ದುಡ್ಡು ವಾಪಸ್ ಬರದಿದ್ದರೆ ಒಂದಲ್ಲ ಒಂದು ಸಂಜೆ ಈ ಹಟಮಾರಿ ಹೆಂಗಸು ನಲ್ಲಿಯ ಸದ್ದಿನಲ್ಲೇ ಹೋಗಿಬಿಡುತ್ತಾರೆ, ನಾನು ಬಾಗಿಲಾಚೆ ನಿಂತು ತಟ್ಟುತ್ತಿರುತ್ತೇನೆ.

ಮೇಲ್ಮನವಿ ಹಾಕಿದೆ. ವಿಚಾರಣೆಗೆ ಹದಿನೈದು ದಿನ ಸಿಕ್ಕಿತು. ಸ್ಟೇರಿಂಗ್ ಕಂಡರೆ ಕಣ್ಣುಮುಚ್ಚುವವರಿಗೂ ಹದಿನೈದು ದಿನದಲ್ಲಿ ಕಾರು ಕಲಿಸಿದವಳು ನಾನು, ಒಂದು ವಾಕ್ಯ ಕಲಿಸಲಾರೆನೇ ಎಂದುಕೊಂಡು ಊಟದ ಮೇಜಿನಲ್ಲಿ ಪಾಠ ಶುರು ಮಾಡಿದೆ. ಆಚೆ ಕಡೆ ನಾನು ಅಧಿಕಾರಿ, ಈಚೆ ಕಡೆ ಅತ್ತೆ ರೋಗಿ.

"ಅವತ್ತು ಏನಾಗಿತ್ತು?"

"ಏನಿ..."

"ಬ್ರೇಕ್" ಎಂದು ಮೇಜು ಕುಟ್ಟುತ್ತಿದ್ದೆ. ಅತ್ತೆ ಬಾಯಿ ಮುಚ್ಚುತ್ತಿದ್ದರು. ಮೊದಲ ನಾಲ್ಕು ದಿನ ಬರೀ ಬ್ರೇಕಿನಲ್ಲೇ ಕಳೆಯಿತು. ಐದನೆಯ ದಿನ "ಉಸಿರು ಕಟ್ಟಿತ್ತು" ಅಂದರು, ಪಕ್ಕದ ಮನೆಯಲ್ಲಿ ಸೂಜಿ ಕಡ ಕೇಳುವ ದನಿಯಲ್ಲಿ.

"ಹಾಂ, ಇನ್ನೂ?"

"ಇನ್ನೇನು? ಡಾಕ್ಟ್ರು ಬಂದ್ರು. ಪಾಪ, ಚಾ ಕುಡೀಲೇ ಇಲ್ಲ."

"ಅತ್ತೆ, ಆ ಚಹಾದ ಸುದ್ದಿ ಎತ್ತಿದ್ರೆ ನಾನು ಮನೆ ಬಿಟ್ಟು ಹೋಗ್ತೀನಿ."

"ಹೋಗು. ಬರೋವಾಗ ಸಕ್ಕರೆ ತಗೊಂಡು ಬಾ."

ಒಂದು ದಿನ ತಾಳ್ಮೆ ಕೆಟ್ಟು ಕೇಳಿಯೇಬಿಟ್ಟೆ, ಹೇಳಿಕೊಂಡರೆ ಗಂಟೇನು ಹೋಗುತ್ತದೆ ಎಂದು. ಅತ್ತೆ ಮೇಜಿನ ಮೇಲಿನ ಬಟ್ಟೆಯ ಅಂಚನ್ನು ನೇರ ಮಾಡುತ್ತಾ ಹೇಳಿದರು. "ಹೊರಗಿನವರ ಮುಂದೆ ಮೈಯ ಕಷ್ಟ ಹೇಳ್ಕೊಳ್ಳೋದು ಅಂದ್ರೆ ಒಳಬಟ್ಟೆ ಬೀದಿ ಕಡೆ ಒಣಗಿ ಹಾಕಿದ ಹಾಗೆ. ಕಾರ್ಖಾನೆಲಿ ಮೇಸ್ತ್ರಿ ಬಂದು ಏನಾಯ್ತಮ್ಮ ಅಂತ ಕೇಳ್ತಿದ್ದ. ತಲೆನೋವು ಅಂದವಳನ್ನ ಮನೆಗೆ ಕಳಿಸ್ತಿದ್ದ, ಅವತ್ತಿನ ಕೂಲಿ ಇಲ್ಲ. ಏನಿಲ್ಲ ಅಂದವಳು ಕೂತ್ಕೊಂಡು ಹೊಲೀತಿದ್ಲು. ನಾನು ಮಗನ್ನ ಓದಿಸ್ಬೇಕಿತ್ತು."

ಅವತ್ತು ನಾನು ಮೇಜು ಕುಟ್ಟಲಿಲ್ಲ. ಆದರೆ ಮೂವತ್ತೊಂದು ವರ್ಷದ ಅಭ್ಯಾಸವನ್ನು ಉಳಿದ ಒಂಬತ್ತು ದಿನದಲ್ಲಿ ಬಿಡಿಸುವುದು ನನ್ನ ಕೈಲಾಗುವ ಕೆಲಸವಲ್ಲ ಎಂದು ಮನಸ್ಸಿಗೆ ತಿಳಿದುಹೋಯಿತು.

ವಿಚಾರಣೆಯ ಕೋಣೆ ಮೂರನೇ ಮಹಡಿಯಲ್ಲಿತ್ತು. ಉಸಿರಿನ ತೊಂದರೆಯವರ ಮೇಲ್ಮನವಿಯನ್ನು ಮೂರನೇ ಮಹಡಿಯಲ್ಲಿಟ್ಟವರ ಬುದ್ಧಿಗೆ ಏನು ಹೇಳುವುದು? ಲಿಫ್ಟ್ ಇತ್ತು ಅನ್ನಿ, ಆದರೆ "ನಿಂತಿದೆ" ಎಂದು ಚೀಟಿ ಅಂಟಿಸಿದ್ದರು. ಒಂದೊಂದು ಮಹಡಿಗೂ ಒಂದೊಂದು ಬೆಂಚಿನ ಮೇಲೆ ಅತ್ತೆಯನ್ನು ಕೂರಿಸಿ ಕೂರಿಸಿ ಹತ್ತಿಸಿದೆ. ಒಳಗೊಳಗೇ ಒಂದು ಕೆಟ್ಟ ಆಸೆ, ಈಗಲೇ ಸ್ವಲ್ಪ ಉಬ್ಬಸ ಬಂದರೆ ಸಾಕ್ಷಿ ಹೇಳುವ ಕೆಲಸವೇ ತಪ್ಪುತ್ತದಲ್ಲ ಎಂದು. ದರಿದ್ರದ ಉಬ್ಬಸ, ಕರೆದಾಗ ಬಂದರೆ ತಾನೆ? ಅತ್ತೆ ಮದುವಣಗಿತ್ತಿಯ ಹಾಗೆ ನಿಧಾನವಾಗಿ, ಮುಖದಲ್ಲಿ ಕಳೆ ತುಂಬಿಕೊಂಡು ಒಳಗೆ ಹೋದರು.

ಅಧಿಕಾರಿ ನಿವೃತ್ತಿಯ ಹತ್ತಿರಕ್ಕೆ ಬಂದ ಹೆಂಗಸು. ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದರು. ಮೇಜಿನ ಮೇಲೆ ನಮ್ಮ ಫೈಲು, ಪಕ್ಕದಲ್ಲಿ ಎರಡೂ ತುದಿ ಚೂಪು ಮಾಡಿದ ಪೆನ್ಸಿಲ್ಲು. ಇವರು ಯಾವ ಕಡೆಯಿಂದಲೂ ಚುಚ್ಚಬಲ್ಲರು ಎಂದುಕೊಂಡು ಕೂತೆ.

"ನೀವು ಸೊಸೆಯೇನು? ಕೂತ್ಕೊಳ್ಳಿ. ಆದರೆ ಮಾತಾಡೋ ಹಾಗಿಲ್ಲ. ರೋಗಿಯದೇ ಮಾತು ಬೇಕು" ಅಂದರು. ನಾನು ತುಟಿ ಹೊಲಿದುಕೊಂಡೆ.

"ಹೇಗಿದ್ದೀರಿ ಅಮ್ಮ?"

"ಚೆನ್ನಾಗಿದ್ದೀನಿ. ನೀವು ಹೇಗಿದ್ದೀರಿ? ಸುಸ್ತಾದ ಹಾಗೆ ಕಾಣ್ತೀರಿ."

ಅಧಿಕಾರಿ "ಚೆನ್ನಾಗಿದ್ದಾರೆ" ಎಂದು ಬರೆದುಕೊಂಡರು. ಮೊದಲ ಪ್ರಶ್ನೆಗೇ ಕಾರು ಚರಂಡಿಗಿಳಿಯಿತು.

"ಅವತ್ತು ಸಂಜೆ ನಿಮಗೆ ಏನಾಗಿತ್ತು? ನಿಧಾನವಾಗಿ ಹೇಳಿ."

ಅತ್ತೆ ನನ್ನ ಕಡೆ ನೋಡಿದರು. ನಾನು ಕಣ್ಣಲ್ಲೇ ಊಟದ ಮೇಜನ್ನು ನೆನಪಿಸಿದೆ. ಅತ್ತೆ ಬಾಯಿ ತೆರೆದರು, ಮುಚ್ಚಿದರು, ನಾಚಿಕೊಂಡು ನಕ್ಕರು.

"ಏನಿಲ್ಲ" ಅಂದರು.

ಮೇಜಿನ ಕೆಳಗೆ ನನ್ನ ಬಲಗಾಲು ಇದ್ದಬದ್ದ ಶಕ್ತಿಯೆಲ್ಲ ಹಾಕಿ ನೆಲ ಒತ್ತಿತು. ಅಧಿಕಾರಿಯ ಮೇಜೇ ಒಮ್ಮೆ ಅಲ್ಲಾಡಿತು.

"ಅಲ್ಲ, ಸ್ವಲ್ಪ ಉಸಿರು..." ಅಂದರು ಅತ್ತೆ.

"ಸ್ವಲ್ಪ ಅಂದ್ರೆ?"

"ಸ್ವಲ್ಪ ಅಂದ್ರೆ ಸ್ವಲ್ಪ. ವಯಸ್ಸಾಯ್ತಲ್ಲ."

"ಮೇಡಂ, ಇವರು ಯಾವಾಗಲೂ ಹೀಗೇ, ಸ್ವಲ್ಪ ಅಂದ್ರೆ..." ಎಂದು ನಾನು ಶುರು ಮಾಡಿದೆ. ಅಧಿಕಾರಿ ಪೆನ್ಸಿಲ್ ಎತ್ತಿ ಬಾಗಿಲು ತೋರಿಸಿದರು. ಇನ್ನೊಂದು ಮಾತಾಡಿದರೆ ಹೊರಗೆ. ಕೂತೆ. ಹನ್ನೊಂದು ವರ್ಷದಲ್ಲಿ ಅತ್ತೆಯ ಮೇಲೆ ನನಗೆ ಬಂದ ಸಿಟ್ಟನ್ನೆಲ್ಲ ಒಟ್ಟು ಹಾಕಿದರೂ ಆ ನಿಮಿಷದ ಸಿಟ್ಟಿಗೆ ಸಮವಾಗುತ್ತಿರಲಿಲ್ಲ. ಅಳುವೂ ಬರುತ್ತಿತ್ತು, ಅದು ಬೇರೆ ಮಾತು.

ಅಧಿಕಾರಿ ಕೊನೆಯ ಹಾಳೆ ತಿರುವಿದರು. ದನಿಯಲ್ಲಿ ಬೇಸರವಿತ್ತು, ಅವರಿಗೂ ಮನಸ್ಸಿದ್ದಂತಿರಲಿಲ್ಲ. "ಹಾಗಾದ್ರೆ ಇದು ಇಲ್ಲಿಗೆ ಮುಗೀತು. ಒಂದೇ ಒಂದು ಉಳಿದಿದೆ. ರೋಗಿಗೆ ಏನೂ ಇಲ್ಲದೆ ಇದ್ದಾಗ ಫೋನ್ ಮಾಡಿ ವೈದ್ಯರನ್ನ ಕರೆಸಿದವರ ಮೇಲೆ ಸುಳ್ಳು ಕರೆ ಅಂತ ಬರೀಬೇಕಾಗುತ್ತೆ. ದಂಡ ಜಾಸ್ತಿ ಇಲ್ಲ. ಆದರೆ ಹೆಸರು ದಾಖಲಾಗುತ್ತೆ. ಕರೆ ಮಾಡಿದ್ದು ನಿಮ್ಮ ಸೊಸೆ ತಾನೆ?"

"ಸುಳ್ಳು ಕರೆ ಅಂದ್ರೆ?" ಅಂದರು ಅತ್ತೆ.

"ಅಂದ್ರೆ ಅವರು ಸುಳ್ಳು ಹೇಳಿದ್ರು ಅಂತ."

ಅತ್ತೆ ಕೈಚೀಲವನ್ನು ತೊಡೆಯಿಂದ ತೆಗೆದು ಮೇಜಿನ ಮೇಲಿಟ್ಟರು. ಮನೆಯಲ್ಲಿ ಅವರು ಜಗಳಕ್ಕೆ ಮೊದಲು ಸೌಟನ್ನು ಹೀಗೇ ಕೆಳಗಿಡುತ್ತಾರೆ.

"ನಮ್ಮ ಸೊಸೆಗೆ ಸುಳ್ಳಿ ಅಂತೀರಾ? ಅನ್ನೋದಿದ್ರೆ ನಾನು ಅನ್ಬೇಕು. ನೀವು ಯಾರು?" ಅಂದರು. "ಇವಳ ಬಾಯಿ ಜೋರು. ನಾನೇ ಹೇಳ್ತೀನಿ, ಬೀದಿ ಕೊನೇವರೆಗೂ ಕೇಳುತ್ತೆ. ಸಾರಿಗೆ ಉಪ್ಪು ಹಾಕೋಕೆ ಬರಲ್ಲ. ಬಟ್ಟೆ ಮಡಿಸೋದು ನೋಡಿದ್ರೆ ಕಣ್ಣಲ್ಲಿ ನೀರು ಬರುತ್ತೆ. ಆದ್ರೆ ಸುಳ್ಳು ಹೇಳೋಳಲ್ಲ. ಅವತ್ತು ಇವಳು ಬಾಗಿಲು ತೆಗೆದು ಒಳಗೆ ಬಂದಾಗ ನನಗೆ ಉಸಿರು ಒಳಗೆ ಹೋಗಿದ್ದು ಹೊರಗೆ ಬರ್ತಿರಲಿಲ್ಲ. ಗೊತ್ತಾ ನಿಮಗೆ? ಎದೆ ಮೇಲೆ ಹೊಲಿಗೆ ಮಿಷನ್ ಇಟ್ಟ ಹಾಗಿತ್ತು. ಉಗುರೆಲ್ಲ ನೀಲಿ ಆಗಿತ್ತು. ಇವಳು ನೋಡಿ ಹೆದರ್ತಾಳೆ ಅಂತ ಕೈ ಹೊದಿಕೆ ಒಳಗಿಟ್ಟಿದ್ದೆ. ಕಣ್ಣು ಮಂಜಾಗ್ತಿತ್ತು. ಏಳೋಣ ಅಂದ್ರೆ ಕಾಲು ನನ್ನದಲ್ಲ."

ಅಧಿಕಾರಿಯ ಕನ್ನಡಕ ಕೊರಳಿನಿಂದ ಮೂಗಿಗೆ ಏರಿತ್ತು, ಪೆನ್ಸಿಲ್ ಓಡುತ್ತಿತ್ತು. ಅತ್ತೆ ಅದನ್ನು ಗಮನಿಸಲೇ ಇಲ್ಲ.

"ಇವಳು ಒಂದು ಕೈಲಿ ಫೋನು, ಒಂದು ಕೈಲಿ ನನ್ನ ಬೆನ್ನು ಉಜ್ಜೋದು. ಮನೆ ವಿಳಾಸ ಸರಿಯಾಗಿ ಹೇಳಿದ್ಲು. ವಯಸ್ಸು ಕೇಳಿದಾಗ ಮಾತ್ರ ಅರವತ್ತು ಅಂದ್ಲು. ನನಗೆ ಎಪ್ಪತ್ತೆರಡು. ಬೇಕಾದ್ರೆ ಆ ಸುಳ್ಳು ಬರ್ಕೊಳ್ಳಿ. ಅದೂ ನನಗೆ ಕೇಳಿಸ್ತಿದೆ ಅಂತ ಹೇಳಿದ್ದು. ಇವಳು ದಿನಾ ನನ್ನ ಬೈತಾಳೆ ಮೇಡಂ. ಕಿಟಕಿ ಯಾಕೆ ತೆಗೆದ್ರಿ, ಮಾತ್ರೆ ಯಾಕೆ ನುಂಗಿಲ್ಲ, ಕತ್ತಲಲ್ಲಿ ಯಾಕೆ ಕೂತ್ರಿ. ಅವತ್ತು ಒಂದೇ ಒಂದು ಮಾತು ಬೈಲಿಲ್ಲ. ಅತ್ತೆ, ಅತ್ತೆ ಅಂತ ಮೆತ್ತಗೆ ಕರೀತಿದ್ಲು. ಆವಾಗ ನನಗೆ ಭಯ ಆಯ್ತು. ಇವಳು ಬೈತಿಲ್ಲ ಅಂದ್ರೆ ನಾನು ಹೋದ ಹಾಗೇ ಅಂದ್ಕೊಂಡೆ."

ಅವರಿಗೆ ಏನೇನಾಗಿತ್ತು ಎಂದು ನಾನು ಕೇಳಿದ್ದು ಅದೇ ಮೊದಲು, ಅದೂ ಬೇರೆಯವರ ಜೊತೆಗಿನ ಜಗಳದಲ್ಲಿ.

"ಆಮೇಲೆ ಮತ್ತೆ ಬಂದಿತ್ತಾ?" ಅಧಿಕಾರಿ ಮೆಲ್ಲಗೆ ಕೇಳಿದರು.

"ಮೂರು ಸಲ" ಅಂದರು ಅತ್ತೆ. "ನಲ್ಲಿ ಬಿಟ್ಕೊಂಡು ಕೂತಿದ್ದೆ. ಇವಳು ನಾಲ್ಕು ದಿನ ಗಂಟಲು ಹರ್ಕೊಂಡು ದುಡಿದದ್ದು ಒಂದೊಂದು ಸಂಜೆಗೆ ಹೋಗೋದಾದ್ರೆ ಹೇಗೆ?"

ಮೂರು ಸಲ. ನನಗೆ ಗೊತ್ತಿದ್ದದ್ದು ಒಂದು. ಉಳಿದ ಎರಡು ಸಂಜೆ ನಾನು ಎಲ್ಲಿದ್ದೆ, ಏನು ಮಾಡುತ್ತಿದ್ದೆ, ಟೀವಿ ಮುಂದೆ ಕೂತು ನಗುತ್ತಿದ್ದೆನೋ ಏನೋ. ಅಲ್ಲೇ ಎದ್ದು ಅವರನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಎದ್ದರೆ ಹೊರಗೆ ಹಾಕುತ್ತಾರಲ್ಲ ಎಂದು ಕುರ್ಚಿಯ ಕೈ ಹಿಡಿದುಕೊಂಡು ಕೂತೆ.

ಅಧಿಕಾರಿ ಪೆನ್ಸಿಲ್ ಕೆಳಗಿಟ್ಟು ಪೆನ್ನು ತೆಗೆದುಕೊಂಡರು. "ಇಷ್ಟೆಲ್ಲ ಸಾಕು ಅಮ್ಮ. ಆದರೆ ಏಳನೇ ಕಾಲಂ ಒಂದೇ ಸಾಲು. ಒಂದು ಸಾಲಲ್ಲಿ ಏನಂತ ಬರೀಲಿ? ನೀವೇ ಹೇಳಿ."

ಅತ್ತೆ ಸ್ವಲ್ಪ ಯೋಚಿಸಿದರು. ಗುಂಡಿಗೆ ದಾರದ ಬಣ್ಣ ಆರಿಸುವಾಗ ಹೀಗೇ ಕಣ್ಣು ಕಿರಿದು ಮಾಡುತ್ತಾರೆ.

"ಉಸಿರು ಹೋಗ್ತಿತ್ತು, ಸೊಸೆ ಬಿಡ್ಲಿಲ್ಲ. ಅಷ್ಟು ಬರ್ಕೊಳ್ಳಿ."

ಅಧಿಕಾರಿ ಬರೆದುಕೊಂಡು, ಮುದ್ರೆ ಒತ್ತಿ, ಶುಲ್ಕ ಎಂಟು ವಾರದೊಳಗೆ ವಾಪಸ್ ಬರುತ್ತದೆ ಅಂದರು. ಎದ್ದು ಹೊರಡುವಾಗ ಅತ್ತೆಗೆ ಸಿಟ್ಟು ಇಳಿದು ಮರ್ಯಾದೆ ನೆನಪಾಯಿತು. "ಬೆಳಗ್ಗಿಂದ ಕೆಲಸ ಮಾಡ್ತಿದ್ದೀರಿ, ಚಾ ಆಯ್ತಾ?" ಎಂದು ಕೇಳಿದರು. "ಅದನ್ನ ನಾನು ಬರ್ಕೊಳ್ಳಲ್ಲ ಅಮ್ಮ, ಹೋಗ್ಬನ್ನಿ" ಅಂದರು ಅಧಿಕಾರಿ.

ಬಸ್ಸಿನಲ್ಲಿ ನಾನು ತುಟಿ ಪಿಟಕ್ಕೆನ್ನಲಿಲ್ಲ. ಹೇಳಬೇಕಾದದ್ದು ಒಂದು ಗಾಡಿಯಷ್ಟಿತ್ತು, ಆ ಮೂರು ಸಂಜೆಗಳಿಗೆ ಅವರನ್ನು ಹೇಗೆ ಕ್ಷಮಿಸುವುದೋ ಗೊತ್ತಿರಲಿಲ್ಲ. ಅತ್ತೆ ಎರಡು ಸಲ ನನ್ನ ಮುಖ ನೋಡಿದರು, ಮೂರನೆಯ ಸಲ ಕೇಳಿದರು. "ಏನಾಯ್ತು?"

"ಏನಿಲ್ಲ" ಅಂದೆ ನಾನು.

"ಹಾಗಂದ್ರೇನು?" ಅಂದರು ಅತ್ತೆ, ನಿಜವಾಗಿಯೂ ಅರ್ಥವಾಗದವರ ಹಾಗೆ.

ಎಂಟು ವಾರ ಅಂದರೆ ಸರ್ಕಾರಕ್ಕೆ ಎಂಟು ವಾರವೇ ಆಗಬೇಕೆಂದಿಲ್ಲ, ಹತ್ತಾಗಬಹುದು, ಹನ್ನೆರಡಾಗಬಹುದು. ಅತ್ತೆ ದಿನಾ ಅಂಚೆಯ ಡಬ್ಬಿ ನೋಡಿ ಬರುತ್ತಿದ್ದರು. ದುಡ್ಡು ಬಂದಿಲ್ಲ, ಆದ್ದರಿಂದ ಹಟವೂ ಇಳಿದಿಲ್ಲ. ಸಂಜೆ ಆರಾದರೆ ನನ್ನ ಕಿವಿ ಬಚ್ಚಲುಮನೆಯ ಕಡೆಗೇ. ಪಾತ್ರೆ ತೊಳೆಯುವಾಗಲೂ ನಲ್ಲಿ ನಿಲ್ಲಿಸಿ ನಿಲ್ಲಿಸಿ ಕೇಳುತ್ತಿದ್ದೆ. ಯಜಮಾನರು ಬಚ್ಚಲಿನ ಚಿಲಕ ಬಿಚ್ಚಿಟ್ಟರು. ಅತ್ತೆ ಮರುದಿನವೇ ತಿರುಪುಳಿ ಹುಡುಕಿ ತಾವೇ ಹಾಕಿಕೊಂಡರು. ಗುಂಡಿ ಹೊಲಿದ ಕೈ, ತಿರುಪಿಗೆ ಹೆದರುತ್ತದೆಯೇ?

ಆರನೆಯ ವಾರ ಒಂದು ಸಂಜೆ, ಏಳೂಕಾಲಿನ ಹೊತ್ತು. ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಬಚ್ಚಲಿನಲ್ಲಿ ನಲ್ಲಿ ತೆರೆದ ಸದ್ದು ಬಂತು. ಚಾಕು ಕೆಳಗಿಟ್ಟೆ. ನೀರು ಸುರಿಯುತ್ತಲೇ ಇತ್ತು. ಬಾಗಿಲಿನವರೆಗೆ ಹೋಗಿ ಕೈ ಎತ್ತಿದವಳು ತಟ್ಟಲಾರದೆ ನಿಂತೆ. ತಟ್ಟಿದರೆ ಏನು ಉತ್ತರ ಬರುತ್ತದೆ ಎಂದು ಗೊತ್ತಿತ್ತಲ್ಲ.

ನಲ್ಲಿ ನಿಂತಿತು. ಚಿಲಕ ಸರಿಯಿತು. ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು. ಎದೆ ಏಳುತ್ತಿತ್ತು, ಇಳಿಯುತ್ತಿರಲಿಲ್ಲ. ಈ ಸಲ ಕೈಗಳನ್ನು ಬಚ್ಚಿಟ್ಟುಕೊಂಡಿರಲಿಲ್ಲ, ಉಗುರುಗಳು ನನಗೆ ಕಾಣುತ್ತಿದ್ದವು.

"ದುಡ್ಡು... ಇನ್ನೂ... ಬಂದಿಲ್ಲ" ಅಂದರು. "ಆದ್ರೂ... ಫೋನ್ ಮಾಡು."

ಅವರನ್ನು ತಬ್ಬಿ ಹಿಡಿದು ಕುರ್ಚಿಗೆ ತಂದು ಕೂರಿಸಿದೆ. ಫೋನ್ ಹಚ್ಚಿದೆ. ಆ ಕಡೆ ಗಂಟೆ ಹೊಡೆಯುತ್ತಿತ್ತು, ಯಾರೂ ಇನ್ನೂ ಎತ್ತಿರಲಿಲ್ಲ. ಅತ್ತೆ, ಅತ್ತೆ ಎಂದು ಮೆತ್ತಗೆ ಕರೆಯುವುದು ಬಿಟ್ಟು ಇನ್ನೇನೂ ನನ್ನ ನಾಲಗೆಯ ತುದಿಗೆ ಬರುತ್ತಿರಲಿಲ್ಲ. ಅತ್ತೆ ಕಣ್ಣು ಅಗಲ ಮಾಡಿ ನನ್ನ ಬಾಯನ್ನೇ ನೋಡುತ್ತಿದ್ದರು. ಆ ಕಣ್ಣಲ್ಲಿ ಭಯ ಏರುತ್ತಿರುವುದು ಕಂಡಿತು. ಯಾಕೆಂದು ತಿಳಿಯಿತು.

ಇದ್ದಬದ್ದ ದನಿಯನ್ನೆಲ್ಲ ಕೂಡಿಸಿಕೊಂಡೆ.

"ಒದ್ದೆ ಕಾಲಲ್ಲಿ ಮನೆಯೆಲ್ಲ ಓಡಾಡ್ತೀರಲ್ಲ ಅತ್ತೆ, ನಿಮಗೆ ಬುದ್ಧಿ ಇದೆಯಾ? ಈಗ ತಾನೆ ಒರೆಸಿದ್ದೀನಿ. ಯಾರು ಒರೆಸ್ತಾರೆ ಇದನ್ನ, ನಿಮ್ಮ ಮಗ ಒರೆಸ್ತಾನಾ?" ಎಂದು ಬೀದಿಯ ಕೊನೆಯವರೆಗೂ ಕೇಳುವ ಹಾಗೆ ಬೈದೆ. ಆ ಕಡೆ ಫೋನ್ ಎತ್ತಿದವರು ಹಲೋ, ಹಲೋ ಅನ್ನುತ್ತಿದ್ದರು. ಅತ್ತೆಯ ಭುಜ ಸ್ವಲ್ಪ ಕೆಳಗಿಳಿಯಿತು. ವಿಳಾಸ ಹೇಳುತ್ತಾ, ನಡುನಡುವೆ ಬೈಯುತ್ತಾ, ಒಂದು ಕೈಯಲ್ಲಿ ಬೆನ್ನು ಉಜ್ಜುತ್ತಾ ಇದ್ದೆ, ವೈದ್ಯರು ಬಂದು ಬಾಗಿಲು ತಟ್ಟುವವರೆಗೂ ನಿಲ್ಲಿಸಲಿಲ್ಲ.